ಒಂದು ಪಟ್ಟಿ ಬರೆದೆವು, ಇನ್ನೊಂದನ್ನು ಬರೆಯಲಿಲ್ಲ

2021ರ ಏಪ್ರಿಲ್ ತಿಂಗಳ ಕೊನೆಯ ವಾರದಲ್ಲಿ ನನ್ನ ತಮ್ಮನ ಮಗಳ ಮದುವೆಯಾಯಿತು. ಕೊರೊನಾದ ಎರಡನೆಯ ಅಲೆ ಏರುತ್ತಿದ್ದ ದಿನಗಳು. ಮದುವೆಗೆ ಐವತ್ತೇ ಜನ, ಅದೂ ತಹಸೀಲ್ದಾರರ ಕಚೇರಿಯಿಂದ ಪಾಸು ಪಡೆದವರು ಮಾತ್ರ ಬರಬೇಕೆಂದು ಸರ್ಕಾರದ ಆಜ್ಞೆಯಾಗಿತ್ತು. "ಅಕ್ಕ, ನಿನ್ನ ಅಕ್ಷರ ದುಂಡಗಿದೆ, ನೀನೇ ಬರೆದುಕೊಡು" ಎಂದ ತಮ್ಮ. ಕುಳಿತು ಬರೆದೆ. ಎರಡೂ ಕಡೆಯ ಐವತ್ತು ಜನರ ಹೆಸರು, ಊರು, ಫೋನ್ ನಂಬರು. ಹುಡುಗನ ತಂದೆ ಸಹಿ ಹಾಕಿದರು, ನನ್ನ ತಮ್ಮನೂ ಹಾಕಿದ. ಕಚೇರಿಯ ಮೊಹರು ಬಿತ್ತು. "ಇದು ನಮ್ಮ ಸಂಪ್ರದಾಯದಲ್ಲಿಲ್ಲ" ಎಂದು ಯಾರೂ ತಕರಾರು ಮಾಡಲಿಲ್ಲ. ಸರ್ಕಾರ ಕೇಳಿತು, ಕೊಟ್ಟೆವು.

ಅದೇ ಮದುವೆಯಲ್ಲಿ ಇನ್ನೊಂದು ಪಟ್ಟಿಯನ್ನೂ ಬರೆಯಬೇಕಾಗಿತ್ತು. ಅದನ್ನು ಕೇಳುವ ಕಾನೂನು ಕೊರೊನಾಕ್ಕಿಂತ 35 ವರ್ಷ ಹಳೆಯದು. ಅದನ್ನು ಯಾರೂ ಬರೆಯಲಿಲ್ಲ. ಮಹಿಳಾ ಕಾಲೇಜಿನಲ್ಲಿ 32 ವರ್ಷ ಇತಿಹಾಸ ಪಾಠ ಹೇಳಿ ನಿವೃತ್ತಳಾದ ನಾನೂ ಬರೆಯಲಿಲ್ಲ, ಬರೆಯಿರೆಂದು ಬಾಯಿ ಬಿಡಲೂ ಇಲ್ಲ. ಆ ಮೌನಕ್ಕೆ ತೆತ್ತ ಬೆಲೆ ನನ್ನದಲ್ಲ, ಆ ಹುಡುಗಿಯದು. ಆದ್ದರಿಂದ ಈ ಲೇಖನವನ್ನು ಬೇರೆಯವರಿಗೆ ಉಪದೇಶವೆಂದು ಭಾವಿಸಬೇಡಿ, ಗೆಳತಿಯರೇ. ಇದರಲ್ಲಿ ಮೊದಲ ಆರೋಪಿ ನಾನೇ.

ಮಹಾಮಾರಿ ಸಮಾಜವನ್ನೇ ಬದಲಿಸಿತು ಎಂದು ಈಗ ವಿಚಾರ ಸಂಕಿರಣಗಳಲ್ಲಿ ಕೇಳುತ್ತಿರುತ್ತೇವೆ. ಆಡಂಬರ ಹೋಯಿತು, ಸರಳ ವಿವಾಹ ಬಂತು, ಗಂಡಸರು ಮನೆಯಲ್ಲಿ ಪಾತ್ರೆ ತೊಳೆದರು, ಸಂಸಾರಗಳು ಒಂದಾದವು ಎಂಬ ವರ್ಣನೆ. ಈ ಮಾತುಗಳಲ್ಲಿ ಒಂದು ಸತ್ಯವಿದೆ, ಒಂದು ದೊಡ್ಡ ಸುಳ್ಳಿದೆ. ಎರಡನ್ನೂ ಬಿಡಿಸಿ ನೋಡಬೇಕು.

ಮೊದಲು ಸತ್ಯ. ನಾನು ತರಗತಿಯಲ್ಲಿ ವರದಕ್ಷಿಣೆಯ ಮಾತೆತ್ತಿದಾಗಲೆಲ್ಲ ಸಹೋದ್ಯೋಗಿಗಳು ಒಂದೇ ಉತ್ತರ ಹೇಳುತ್ತಿದ್ದರು: "ಮೇಡಂ, ಇದು ಶತಮಾನಗಳ ರೂಢಿ. ಕಾನೂನಿನಿಂದ ಹೋಗುವಂಥದ್ದಲ್ಲ. ತಲೆಮಾರುಗಳೇ ಬೇಕು." 1961ರಲ್ಲಿ ವರದಕ್ಷಿಣೆ ನಿಷೇಧ ಕಾಯಿದೆ ಬಂದಾಗಲೂ ಇದೇ ಮಾತು, 1984 ಮತ್ತು 1986ರಲ್ಲಿ ಅದಕ್ಕೆ ಹಲ್ಲು ಬರಿಸಿದಾಗಲೂ ಇದೇ ಮಾತು. ಆದರೆ 2020ರ ಮಾರ್ಚಿಯಲ್ಲಿ ಏನಾಯಿತು? ದೇಶದ ಮೊದಲ ಕೊರೊನಾ ಸಾವು ನಮ್ಮ ಕಲಬುರಗಿಯಲ್ಲಿ ಸಂಭವಿಸಿತು. ಅದು ದೃಢಪಟ್ಟ ಮರುದಿನ, ಮಾರ್ಚ್ 13ರಂದು, ರಾಜ್ಯ ಸರ್ಕಾರ ದೊಡ್ಡ ಮದುವೆಗಳು ಕೂಡದೆಂದಿತು. ಮಾರ್ಚ್ 25ರಿಂದ ದೇಶಕ್ಕೆ ದೇಶವೇ ಬಾಗಿಲು ಹಾಕಿಕೊಂಡಿತು. ಸಾವಿರ ಎಲೆ ಹಾಕದಿದ್ದರೆ ಮಾನ ಹೋಗುತ್ತದೆ ಎನ್ನುತ್ತಿದ್ದ ಮನೆಗಳಲ್ಲಿ ಇಪ್ಪತ್ತು ಎಲೆಗಳ ಮದುವೆಯಾಯಿತು. ದಿಬ್ಬಣವಿಲ್ಲ, ವಾದ್ಯವಿಲ್ಲ, ಆರತಕ್ಷತೆಯಿಲ್ಲ. ಯಾರ ಮಾನವೂ ಹೋಗಲಿಲ್ಲ. ತಲೆಮಾರುಗಳು ಬೇಕೆಂದಿದ್ದ ಬದಲಾವಣೆಗೆ ಒಂದು ವಾರ ಸಾಕಾಯಿತು!

ಆದ್ದರಿಂದ ಇನ್ನು ಮುಂದೆ ಯಾರಾದರೂ "ರೂಢಿಯನ್ನು ಬದಲಿಸಲಾಗದು" ಎಂದರೆ ನಂಬಬೇಡಿ. ತಮ್ಮ ಪ್ರಾಣಕ್ಕೆ ಕುತ್ತು ಬಂದಾಗ ಬದಲಿಸಿದರು. ಸೊಸೆಯ ಪ್ರಾಣಕ್ಕೆ ಕುತ್ತು ಬಂದಾಗ ಬದಲಿಸುವುದಿಲ್ಲ. ಇರುವ ವ್ಯತ್ಯಾಸ ಇಷ್ಟೇ.

ಇನ್ನು ಸುಳ್ಳಿನ ವಿಷಯ. ಆಡಂಬರ ಹೋಯಿತೆಂದರಲ್ಲ, ಆಡಂಬರಕ್ಕೆಂದು ಕೂಡಿಟ್ಟ ಹಣ ಎಲ್ಲಿಗೆ ಹೋಯಿತು? ನಮ್ಮ ಮನೆಯ ಕತೆಯನ್ನೇ ಹೇಳುತ್ತೇನೆ. ಛತ್ರದ ಮುಂಗಡ ವಾಪಸು ಬಂದ ಸಂಜೆಯೇ ಬೀಗರ ಫೋನ್ ಬಂತು. "ಛತ್ರದ ಖರ್ಚು, ಅಡಿಗೆಯವರ ಖರ್ಚು ಉಳೀತಲ್ಲ ಬೀಗರೇ. ಮಕ್ಕಳು ಫ್ಲಾಟಿಗೆ ಮುಂಗಡ ಕಟ್ಟಬೇಕಂತೆ. ನಾವೇನೂ ಕೇಳ್ತಾ ಇಲ್ಲ, ನಿಮ್ಮ ಮಗಳು ಚೆನ್ನಾಗಿರಲಿ ಅಂತ ಹೇಳಿದೆ." ಮೊದಲೇ ಒಪ್ಪಿಕೊಂಡಿದ್ದ ಚಿನ್ನದ ಜೊತೆಗೆ ಆರು ಲಕ್ಷ ರೂಪಾಯಿ ನಗದು ಕೈ ಬದಲಾಯಿತು. ಸಾವಿರ ಜನರ ಹೊಟ್ಟೆಗೆ ಹೋಗುತ್ತಿದ್ದುದು ಒಬ್ಬನ ಜೇಬಿಗೆ ಹೋಯಿತು. ತಮ್ಮ ನನ್ನನ್ನು ಕೇಳಿದ, "ಏನಕ್ಕ ಮಾಡಲಿ?" ಎಂದು. ಮದುವೆಗೆ ಐದು ದಿನ ಉಳಿದಿತ್ತು. "ನಿನ್ನಿಷ್ಟ ಕಣಪ್ಪ" ಎಂದೆ. ವೇದಿಕೆಯ ಮೇಲೆ ಗಂಟೆಗಟ್ಟಲೆ ಮಾತನಾಡಿದ ನನ್ನ ಬಾಯಿಂದ ಆ ದಿನ ಹೊರಟದ್ದು ಎರಡೇ ಮಾತು.

ಖರ್ಚು ಕಡಿಮೆಯಾದದ್ದು ಹೆಣ್ಣುಮಕ್ಕಳಿಗೆ ಇನ್ನೊಂದು ರೀತಿಯಲ್ಲೂ ಮುಳುವಾಯಿತು. ಶಾಲೆ ಮುಚ್ಚಿದೆ, ದುಡಿಮೆಯಿಲ್ಲ, ಮದುವೆ ಮಾಡಿದರೆ ಊರಿಗೆ ಊಟ ಹಾಕಬೇಕಾಗಿಲ್ಲ, ನೋಡುವವರೂ ಇಲ್ಲ. ಹೈಸ್ಕೂಲು ಓದುತ್ತಿದ್ದ ಹುಡುಗಿಯರನ್ನು ಧಾರೆಯೆರೆದು ಕೊಟ್ಟರು. ಬಾಲ್ಯವಿವಾಹ ನಿಷೇಧ ಕಾಯಿದೆಯಡಿ 2019ರಲ್ಲಿ ದೇಶದಲ್ಲಿ ದಾಖಲಾದ ಪ್ರಕರಣಗಳು 523. 2020ರಲ್ಲಿ 785. ಅವುಗಳಲ್ಲಿ 184 ನಮ್ಮ ಕರ್ನಾಟಕದವು, ಎಲ್ಲ ರಾಜ್ಯಗಳಿಗಿಂತ ಹೆಚ್ಚು. ನಮ್ಮಲ್ಲಿ ದಾಖಲಿಸುವವರು ಎಚ್ಚರವಾಗಿದ್ದರು ಎಂದು ಸಮಾಧಾನ ಹೇಳುವವರು ಹೇಳಲಿ. ದಾಖಲಾಗದ್ದು ಎಷ್ಟೆಂದು ಹಳ್ಳಿಯ ಅಂಗನವಾಡಿ ಕಾರ್ಯಕರ್ತೆಯನ್ನು ಕೇಳಿ ನೋಡಿ. "ಸರಳ ವಿವಾಹ" ಎಂಬ ಮಾತು ಕೇಳಿದಾಗ ಈಗ ನನಗೆ ಸಂತೋಷವಾಗುವುದಿಲ್ಲ. ಯಾರಿಗೆ ಸರಳ ಎಂದು ಕೇಳಬೇಕೆನಿಸುತ್ತದೆ.

"ಮನೆಯಲ್ಲೇ ಇರಿ, ಸುರಕ್ಷಿತವಾಗಿರಿ" ಎಂಬ ಘೋಷಣೆಯನ್ನೂ ನೆನೆಯಿರಿ. ಮನೆಯೇ ಅಪಾಯದ ಜಾಗವಾಗಿದ್ದವಳಿಗೆ ಅದು ಏನನ್ನು ಹೇಳಿತು? 2020ರ ಏಪ್ರಿಲಿನಲ್ಲಿ ನನ್ನ ಹಳೆಯ ವಿದ್ಯಾರ್ಥಿನಿಯೊಬ್ಬಳು ಬಚ್ಚಲುಮನೆಯ ನಲ್ಲಿ ಬಿಟ್ಟುಕೊಂಡು ಆ ಸದ್ದಿನ ಮರೆಯಲ್ಲಿ ಫೋನ್ ಮಾಡಿದ್ದಳು. "ಮೇಡಂ, ಮೊದಲಾದರೆ ಬೆಳಿಗ್ಗೆ ಆಫೀಸಿಗೆ ಹೋಗ್ತಿದ್ರು, ಸಂಜೆವರೆಗೆ ಉಸಿರಾಡ್ತಿದ್ದೆ." ಅಷ್ಟರಲ್ಲಿ ಯಾರೋ ಬಾಗಿಲು ಬಡಿದರು. ಫೋನ್ ನಿಂತಿತು. ನಾನು ಮತ್ತೆ ಮಾಡಲು ಹೆದರಿದೆ, ನನ್ನ ಫೋನೇ ಅವಳಿಗೆ ಏಟು ತರಬಹುದೆಂದು.

ಅಂಕಿಸಂಖ್ಯೆಗಳನ್ನು ಇಲ್ಲಿ ಎಚ್ಚರಿಕೆಯಿಂದ ಓದಬೇಕು. ಗಂಡ ಮತ್ತು ಅವನ ಕಡೆಯವರ ಕ್ರೌರ್ಯದ ಬಗ್ಗೆ ಪೊಲೀಸರು ದೇಶದಲ್ಲಿ ದಾಖಲಿಸಿಕೊಂಡ ಪ್ರಕರಣಗಳು 2019ರಲ್ಲಿ ಸುಮಾರು 1.25 ಲಕ್ಷ. 2020ರಲ್ಲಿ ಅವು 1,11,549ಕ್ಕೆ ಇಳಿದವು. ನೋಡಿ, ಸಂಸಾರಗಳು ಒಂದಾದವು ಎಂದು ಕೆಲವರು ಬೀಗಿದರು. ಆದರೆ ಅದೇ ವರ್ಷ ರಾಷ್ಟ್ರೀಯ ಮಹಿಳಾ ಆಯೋಗ ವಾಟ್ಸಾಪ್ ಸಂಖ್ಯೆಯೊಂದನ್ನು ಕೊಟ್ಟಿತ್ತು. ಆಯೋಗಕ್ಕೆ ಬಂದ ಕೌಟುಂಬಿಕ ಹಿಂಸೆಯ ದೂರುಗಳು 3 ಸಾವಿರದ ಆಸುಪಾಸಿನಿಂದ 5 ಸಾವಿರ ದಾಟಿದವು. ಒಟ್ಟು ದೂರುಗಳು 23,722. ಠಾಣೆಗೆ ನಡೆದು ಹೋಗಬೇಕಾದ ಕಡೆ ದೂರು ಇಳಿಯಿತು, ಕೂತಲ್ಲಿಂದ ಕಳಿಸಬಹುದಾದ ಕಡೆ ಏರಿತು. ಬಸ್ಸಿಲ್ಲ, ತವರಿಗೆ ಹೋಗುವಂತಿಲ್ಲ, ಠಾಣೆಯವರೆಲ್ಲ ರಸ್ತೆಯಲ್ಲಿ ಬ್ಯಾರಿಕೇಡ್ ಕಾಯುತ್ತಿದ್ದಾರೆ, ನ್ಯಾಯಾಲಯಗಳು ತುರ್ತು ಕೆಲಸಕ್ಕಷ್ಟೇ ತೆರೆದಿವೆ. ಬಾಗಿಲು ತೆರೆದ ಮೇಲೆ, 2021ರಲ್ಲಿ, ಪೊಲೀಸ್ ಪ್ರಕರಣಗಳು 1,36,234ಕ್ಕೆ ನೆಗೆದವು. 2020ರಲ್ಲಿ ಹಿಂಸೆ ಕಡಿಮೆಯಾಗಿರಲಿಲ್ಲ, ದೂರು ಕೊಡುವ ದಾರಿ ಮುಚ್ಚಿತ್ತು. ಊರೆಲ್ಲ ಬಾಗಿಲು ಹಾಕಿಕೊಂಡಿದ್ದ ಆ ವರ್ಷದಲ್ಲೂ ವರದಕ್ಷಿಣೆ ಸಾವಿನ 6,966 ಪ್ರಕರಣಗಳು ದಾಖಲಾದವು. ದಿನಕ್ಕೆ ಹತ್ತೊಂಬತ್ತು.

ಕೊರೊನಾ ಗಂಡಸರ ತಲೆ ಕೆಡಿಸಿತು, ಕೆಲಸ ಹೋದ ಸಂಕಟದಲ್ಲಿ ಕೈ ಎತ್ತಿದರು ಎಂದು ಕನಿಕರಿಸುವವರಿಗೆ ಇನ್ನೊಂದು ಅಂಕಿ ಹೇಳುತ್ತೇನೆ. ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದಲ್ಲಿ ಗಂಡನಿಂದ ಹಿಂಸೆ ಅನುಭವಿಸಿದ ವಿವಾಹಿತೆಯರು 2015-16ರ ಸುತ್ತಿನಲ್ಲಿ ಶೇ. 20.6. ಮುಂದಿನ ಸುತ್ತಿನಲ್ಲಿ ಶೇ. 44.4. ಆ ಮುಂದಿನ ಸುತ್ತಿನಲ್ಲಿ ನಮ್ಮ ರಾಜ್ಯದ ಮನೆಗಳಿಗೆ ಹೋಗಿ ಪ್ರಶ್ನೆ ಕೇಳಿದ್ದು 2019ರಲ್ಲಿ, ಅಂದರೆ ಕೊರೊನಾ ಕಾಲಿಡುವ ಮೊದಲು! ಹೊಡೆಯುವ ಕೈ ಅದಾಗಲೇ ಎದ್ದಿತ್ತು. ರೋಗ ಬಂದು ಹೊರಗಿನಿಂದ ಚಿಲಕ ಹಾಕಿತು. 2020ರ ಮೇ 4ರಂದು ಹೆಂಡದಂಗಡಿಗಳು ತೆರೆದಾಗ ಕಿಲೋಮೀಟರುಗಟ್ಟಲೆ ಸಾಲು ನಿಂತದ್ದನ್ನು ಟಿವಿಯಲ್ಲಿ ತಮಾಷೆಯಾಗಿ ತೋರಿಸಿದರು. ಆ ಸಾಲು ಸಂಜೆ ಯಾರ ಮನೆಗೆ ಬಂದು ಮುಟ್ಟಿತು ಎಂದು ಯಾವ ಕ್ಯಾಮರಾವೂ ಹಿಂಬಾಲಿಸಲಿಲ್ಲ.

ಇತಿಹಾಸ ಕಲಿಸಿದವಳಾದ್ದರಿಂದ ಒಂದು ಮಾತು ಹೇಳಲೇಬೇಕು. ಮಹಾಮಾರಿ ತಾನಾಗಿ ಯಾರನ್ನೂ ಬಿಡುಗಡೆ ಮಾಡಿದ ಉದಾಹರಣೆಯಿಲ್ಲ. 14ನೆಯ ಶತಮಾನದ ಮಹಾಪಿಡುಗಿನ ನಂತರ ಇಂಗ್ಲೆಂಡಿನಲ್ಲಿ ಕೂಲಿಯಾಳುಗಳಿಗೆ ಬೆಲೆ ಬಂತು. ಕೂಡಲೇ 1351ರಲ್ಲಿ ಭೂಮಾಲೀಕರ ಸಂಸತ್ತು ಕೂಲಿಯನ್ನು ಹಳೆಯ ದರಕ್ಕೇ ಕಟ್ಟಿಹಾಕುವ ಕಾನೂನು ತಂದಿತು. ರೈತರು ಕಾದಾಡಿಯೇ ಬಿಡಿಸಿಕೊಳ್ಳಬೇಕಾಯಿತು. 1898ರಲ್ಲಿ ಬೆಂಗಳೂರಿಗೆ ಪ್ಲೇಗು ಬಂದ ಮೇಲೆ ಮಲ್ಲೇಶ್ವರ, ಬಸವನಗುಡಿಯಂಥ ಬಡಾವಣೆಗಳು ಬೆಳೆದವು. ಅಗಲವಾದ ಬೀದಿಗಳು ಬಂದವು, ಮನೆಗಳಿಗೆ ಗಾಳಿ ಬೆಳಕು ಬಂತು. ಆ ಮನೆಗಳ ಒಳಗಿದ್ದ ಬಾಲವಿಧವೆಯ ಬದುಕಿಗೆ ಪ್ಲೇಗು ಯಾವ ಬೆಳಕನ್ನೂ ತರಲಿಲ್ಲ.

1918ರ ಇನ್‌ಫ್ಲುಯೆಂಜಾ ಇನ್ನೂ ದೊಡ್ಡ ಪಾಠ. ನಮ್ಮ ದೇಶದಲ್ಲಿ ಕೋಟಿಗೂ ಹೆಚ್ಚು ಜನ ಸತ್ತರು. ಗಂಡಸರಿಗಿಂತ ಹೆಂಗಸರೇ ಹೆಚ್ಚು ಸತ್ತರು. 1911ರಿಂದ 1921ರ ದಶಕದಲ್ಲಿ ದೇಶದ ಜನಸಂಖ್ಯೆಯೇ ಇಳಿಯಿತು. ರೋಗ ಹೆಚ್ಚು ಬಾಧಿಸಿದ ಜಿಲ್ಲೆಗಳಲ್ಲಿ 1921ರ ಜನಗಣತಿಯ ಹೊತ್ತಿಗೆ ದುಡಿಮೆಗೆ ಬಂದ ಹೆಂಗಸರ ಪ್ರಮಾಣ ಏರಿತ್ತೆಂದು ಆರ್ಥಿಕ ಇತಿಹಾಸಕಾರರು ತೋರಿಸಿದ್ದಾರೆ. ಗಂಡನನ್ನು ಕಳೆದುಕೊಂಡವರು ಹೊಟ್ಟೆಪಾಡಿಗೆ ಹೊರಬಂದಿದ್ದರು. ಇದು ಸ್ವಾತಂತ್ರ್ಯವಾಯಿತೇ? 1931ರ ಜನಗಣತಿಯಲ್ಲಿ ಆ ಏರಿಕೆ ಕಾಣುವುದಿಲ್ಲ. ಸಾವಿನಿಂದ ತೆರವಾದ ಜಾಗಕ್ಕೆ ಬಂದವರು, ಜಾಗ ತುಂಬಿದ ಕೂಡಲೇ ಮರಳಿ ಒಳಗೆ ಹೋದರು. ಅದನ್ನು ಹಕ್ಕಾಗಿ ಹಿಡಿದು ನಿಲ್ಲಿಸುವ ಸಂಘಟನೆ ಇರಲಿಲ್ಲ.

1897ರಲ್ಲಿ ಪುಣೆಯಲ್ಲಿ ಪ್ಲೇಗಿನ ಹುಡುಗನನ್ನು ಹೊತ್ತು ತಂದು, ತಾವೂ ಅದೇ ರೋಗಕ್ಕೆ ಬಲಿಯಾದ ಸಾವಿತ್ರಿಬಾಯಿ ಫುಲೆಯವರನ್ನು ನೆನೆಯಿರಿ. ಪ್ಲೇಗು ಅವರನ್ನು ಸುಧಾರಕಿಯನ್ನಾಗಿ ಮಾಡಲಿಲ್ಲ. ಅದಕ್ಕೆ ಅರ್ಧ ಶತಮಾನ ಮೊದಲೇ, 1848ರಲ್ಲೇ, ಅವರು ಹುಡುಗಿಯರ ಶಾಲೆಯಲ್ಲಿ ಪಾಠ ಹೇಳುತ್ತಿದ್ದರು. ಸಮಾಜ ಬದಲಾಗುವುದು ಇಂಥ ಕೆಲಸದಿಂದ, ರೋಗದಿಂದಲ್ಲ.

ನಮ್ಮ ಕಾಲದಲ್ಲೂ ಇದನ್ನೇ ಕಂಡೆವು. 2020ರ ಜುಲೈಯಲ್ಲಿ ನಮ್ಮ ರಾಜ್ಯದ ಸುಮಾರು 42 ಸಾವಿರ ಆಶಾ ಕಾರ್ಯಕರ್ತೆಯರು ಮುಷ್ಕರ ಹೂಡಬೇಕಾಯಿತು. ಮನೆಮನೆಗೆ ಹೋಗಿ ರೋಗಿಗಳನ್ನು ಗುರುತಿಸಿದವರು, ಬೈಸಿಕೊಂಡವರು, ಹೂಮಳೆ ಸುರಿಸಿಕೊಂಡವರು ತಿಂಗಳಿಗೆ 12 ಸಾವಿರ ರೂಪಾಯಿ ಕೇಳಿ ಬೀದಿಗಿಳಿದರು. ಅದೇ ವರ್ಷದ ಜೂನಿನಲ್ಲಿ ಶ್ರೀರಂಗಪಟ್ಟಣದ ಗಾರ್ಮೆಂಟ್ಸ್ ಕಾರ್ಖಾನೆಯೊಂದರಲ್ಲಿ ಸುಮಾರು 1,200 ಮಂದಿಯ ಕೆಲಸ ಹೋಯಿತು, ಬಹುತೇಕ ಹೆಂಗಸರು. ಅವರು ಕಾರ್ಖಾನೆಯ ಬಾಗಿಲಲ್ಲೇ ದಿನಗಟ್ಟಲೆ ಕೂತರು. ಸಂಬಳ ನಿಂತ ದಿನವೇ ಮನೆಯಲ್ಲಿ ಹೆಂಗಸಿನ ಮಾತಿನ ತೂಕ ಇಳಿಯುತ್ತದೆಂದು ಅವರಿಗೆ ಯಾರೂ ಪಾಠ ಹೇಳಬೇಕಾಗಿರಲಿಲ್ಲ.

ಈಗ ನಮ್ಮ ಮನೆಯ ಕತೆಯ ಉಳಿದ ಭಾಗ. 2023ರ ಮೇ ತಿಂಗಳಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಕೊರೊನಾದ ಜಾಗತಿಕ ತುರ್ತುಸ್ಥಿತಿ ಮುಗಿಯಿತೆಂದು ಸಾರಿತು. ಅದೇ ವರ್ಷ ಶ್ರಾವಣದಲ್ಲಿ ಆ ಹುಡುಗಿ ಒಂದೂವರೆ ವರ್ಷದ ಮಗುವನ್ನು ಎತ್ತಿಕೊಂಡು ತವರಿಗೆ ಬಂದಳು. ಫ್ಲಾಟಿನ ಕಂತಿಗೆ ಇನ್ನಷ್ಟು ತಾ ಎಂದು ಶುರುವಾದದ್ದು ಕೆನ್ನೆಗೆ, ಬೆನ್ನಿಗೆ ಬಂದಿತ್ತು. ಫ್ಲಾಟು ಗಂಡನ ಹೆಸರಿನಲ್ಲಿತ್ತು. ಚಿನ್ನ ಅತ್ತೆಯ ಬೀರುವಿನಲ್ಲಿತ್ತು. ಎರಡು ದಿನ ಅವಳು ಮಾತೇ ಆಡಲಿಲ್ಲ. ಮೂರನೆಯ ದಿನ ನನ್ನ ಹತ್ತಿರ ಕೂತು, "ಅತ್ತೆ, ಆವತ್ತು ನೀವೊಂದು ಮಾತು ಬೇಡ ಅಂದಿದ್ದರೆ ಅಪ್ಪ ಕೊಡ್ತಿರಲಿಲ್ಲ" ಎಂದಳು. ಕೋಪದಲ್ಲಿ ಹೇಳಲಿಲ್ಲ. ಕೋಪದಲ್ಲಿ ಹೇಳಿದ್ದರೆ ಚೆನ್ನಾಗಿತ್ತು.

ಕೌಟುಂಬಿಕ ಹಿಂಸೆಯಿಂದ ಮಹಿಳೆಯರ ರಕ್ಷಣೆಗೆಂದು 2005ರಲ್ಲಿ ಬಂದ ಕಾಯಿದೆಯಡಿ ಅರ್ಜಿ ಹಾಕಲು ವಕೀಲೆಯ ಬಳಿ ಹೋದೆವು. ಸ್ತ್ರೀಧನ ವಾಪಸು ಕೊಡಿಸುವ ಅಧಿಕಾರ ಆ ಕಾಯಿದೆಯಲ್ಲಿ ಮ್ಯಾಜಿಸ್ಟ್ರೇಟರಿಗಿದೆ. ಆಕೆ ಕೇಳಿದ ಮೊದಲ ಪ್ರಶ್ನೆ: "ಏನೇನು ಕೊಟ್ಟಿರಿ, ಪಟ್ಟಿ ಇದೆಯಾ?" ತಮ್ಮ ಪೆಟ್ಟಿಗೆಯಿಂದ ಮದುವೆಯ ಕಾಗದಗಳನ್ನೆಲ್ಲ ತಂದು ಮುಂದೆ ಸುರಿದ. ಅರ್ಧ ಚಿನ್ನಕ್ಕೆ ಅಂಗಡಿಯ ರಸೀತಿ ಇತ್ತು. ಉಳಿದರ್ಧ ನಮ್ಮಮ್ಮನ ಹಳೆಯ ಒಡವೆ ಕರಗಿಸಿ ಮಾಡಿಸಿದ್ದು, ಅದಕ್ಕೆ ಏನೂ ಇಲ್ಲ. ನಗದಿಗಂತೂ ಸಾಕ್ಷಿಯೇ ಇಲ್ಲ. ಒಂದು ಮುಯ್ಯಿ ಪುಸ್ತಕ ಸಿಕ್ಕಿತು. ಜೊತೆಗೆ ನನ್ನ ದುಂಡಗಿನ ಅಕ್ಷರದಲ್ಲಿ ಬರೆದ, ತಹಸೀಲ್ದಾರರ ಕಚೇರಿಯ ಮೊಹರು ಬಿದ್ದ ಐವತ್ತು ಜನರ ಪಟ್ಟಿ.

ಆ ಕಡೆಯವರು ಕೊಟ್ಟ ಲಿಖಿತ ಉತ್ತರದಲ್ಲಿ ಏನಿತ್ತು ಗೊತ್ತೇ? "ಕೊರೊನಾ ಕಾಲದಲ್ಲಿ ನಡೆದ ಸರಳ ವಿವಾಹ, ನಾವು ಯಾವುದೇ ಹಣ ಒಡವೆ ಪಡೆದಿರುವುದಿಲ್ಲ." ಮಹಾಮಾರಿ ತಂದ ಸುಧಾರಣೆ ಎಂದು ವೇದಿಕೆಗಳಲ್ಲಿ ಹೊಗಳಿದ್ದನ್ನು ಅವರು ತಮ್ಮ ಕಳ್ಳತನಕ್ಕೆ ಸಾಕ್ಷಿಯಾಗಿ ತಂದು ನಿಲ್ಲಿಸಿದರು!

ಆ ಮುಯ್ಯಿ ಪುಸ್ತಕವನ್ನು ನಾನು ಬಹಳ ಹೊತ್ತು ನೋಡುತ್ತಾ ಕುಳಿತೆ. ಇಂಥ ಊರಿನ ಇಂಥವರು, ನೂರಾ ಒಂದು ರೂಪಾಯಿ. ಇಂಥವರು, ಒಂದು ಸ್ಟೀಲ್ ಬಿಂದಿಗೆ. ನಾಳೆ ಅವರ ಮನೆಯ ಮದುವೆಗೆ ತಿರುಗಿಸಬೇಕಲ್ಲ, ಅದಕ್ಕೆ ಲೆಕ್ಕ. "ಸಂಬಂಧದಲ್ಲಿ ಲೆಕ್ಕಾಚಾರ ತರಬಾರದು" ಎನ್ನುವ ನಾವು ನೂರು ರೂಪಾಯಿಗೆ ಹೆಸರು, ಊರು ಬರೆದಿಡುತ್ತೇವೆ, ಲಕ್ಷಗಳಿಗೆ ಬರೆದಿಡುವುದಿಲ್ಲ. ತಿರುಗಿ ಬರಬೇಕಾದ್ದನ್ನು ಬರೆಯುತ್ತೇವೆ, ತಿರುಗಿ ಬರಬಾರದ್ದನ್ನು ಬರೆಯುವುದಿಲ್ಲ. ಹೆಣ್ಣನ್ನೂ ಅವಳ ಜೊತೆ ಹೋದದ್ದನ್ನೂ ಎರಡನೆಯ ಸಾಲಿಗೆ ಸೇರಿಸಿದ್ದೇವೆ.

ಕಾನೂನು ಏನು ಹೇಳುತ್ತದೆಂದು ಪ್ರತಿಯೊಬ್ಬ ಓದುಗಳೂ ತಿಳಿದಿರಬೇಕು. ಮದುವೆಯಲ್ಲಿ ಕೊಡುವ ಉಡುಗೊರೆಗಳ ಪಟ್ಟಿಯ ಬಗ್ಗೆ 1985ರಲ್ಲೇ ನಿಯಮಗಳು ಬಂದಿವೆ. ವಧುವಿಗೆ ಬಂದದ್ದರ ಪಟ್ಟಿ ವಧುವಿನ ಬಳಿ, ವರನಿಗೆ ಬಂದದ್ದರ ಪಟ್ಟಿ ವರನ ಬಳಿ ಇರಬೇಕು. ಪ್ರತಿಯೊಂದು ವಸ್ತುವಿನ ಚಿಕ್ಕ ವಿವರ, ಅಂದಾಜು ಬೆಲೆ, ಕೊಟ್ಟವರ ಹೆಸರು, ನೆಂಟರಾಗಿದ್ದರೆ ಏನು ನೆಂಟಸ್ತಿಕೆ ಎಂಬುದನ್ನು ಬರೆದು ಇಬ್ಬರೂ ಸಹಿ ಮಾಡಬೇಕು. ಪಟ್ಟಿಯಲ್ಲಿ ಬರೆದ, ಯಾರೂ ಕೇಳದೆ ಕೊಟ್ಟ ಉಡುಗೊರೆಗಷ್ಟೇ ವರದಕ್ಷಿಣೆ ಕಾಯಿದೆಯ ಶಿಕ್ಷೆಯಿಂದ ವಿನಾಯಿತಿ. 2024ರ ಮೇ ತಿಂಗಳಲ್ಲಿ ಅಲಹಾಬಾದ್ ಹೈಕೋರ್ಟು ಈ ಮರೆತ ನಿಯಮವನ್ನೇ ಎತ್ತಿ ಅಲ್ಲಿನ ಸರ್ಕಾರವನ್ನು ಪ್ರಶ್ನಿಸಿತು. 2024ರ ಜುಲೈ 1ರಿಂದ ದಂಡ ಸಂಹಿತೆಯೇ ಹೋಗಿ ಭಾರತೀಯ ನ್ಯಾಯ ಸಂಹಿತೆ ಬಂದಿದೆ. 498ಎ ಈಗ 85 ಮತ್ತು 86 ಆಗಿದೆ, ವರದಕ್ಷಿಣೆ ಸಾವಿನ 304ಬಿ ಈಗ 80 ಆಗಿದೆ. ನಂಬರುಗಳು ಬದಲಾದವು. ಪಟ್ಟಿ ಮಾತ್ರ ಇನ್ನೂ ಕಾನೂನಿನ ಪುಸ್ತಕದಲ್ಲೇ ಮಲಗಿದೆ.

ನಮ್ಮ ಚಳವಳಿಯ ಒಳಗಿನಿಂದಲೇ ಒಂದು ಆಕ್ಷೇಪಣೆ ಬರುತ್ತದೆಂದು ಬಲ್ಲೆ. ಪಟ್ಟಿ ಬರೆಸಿದರೆ ವರದಕ್ಷಿಣೆಗೆ ಸರ್ಕಾರಿ ಮುದ್ರೆ ಒತ್ತಿದಂತಾಗುವುದಿಲ್ಲವೇ? ನಾನೂ ಬಹಳ ಕಾಲ ಹೀಗೇ ವಾದಿಸುತ್ತಿದ್ದೆ. ಕೊಡಲೇಬಾರದು ಎಂಬುದೇ ನಮ್ಮ ನಿಲುವು, ಅದರಲ್ಲಿ ರಾಜಿಯಿಲ್ಲ. ಆದರೆ ಕತ್ತಲಲ್ಲಿ ಕೊಡುವುದನ್ನು ನಮ್ಮ ನಿಲುವು ತಡೆಯಲಿಲ್ಲ, ಕತ್ತಲಿನಿಂದ ಲಾಭವಾದದ್ದು ತೆಗೆದುಕೊಂಡವನಿಗೆ. ಪಟ್ಟಿ ಅನುಮತಿ ಪತ್ರವಲ್ಲ. ಕೇಳಿ ಪಡೆದದ್ದು ಪಟ್ಟಿಯಲ್ಲಿದ್ದರೂ ಅಪರಾಧವೇ. ಆರು ಲಕ್ಷ ಪಡೆದೆ ಎಂದು ಸಹಿ ಹಾಕಲು ಹೇಳಿ, ಎಷ್ಟು ವರಮಹಾಶಯರು ಪೆನ್ನು ಹಿಡಿಯುತ್ತಾರೆ ನೋಡೋಣ. ಹಾಗೆಯೇ, ಕಾನೂನಿನ ದುರುಪಯೋಗವಾಗುತ್ತಿದೆ ಎಂದು ಕೂಗುವ ಗಂಡಸರ ಸಂಘಗಳೂ ಪಟ್ಟಿಯನ್ನು ಸ್ವಾಗತಿಸಬೇಕಲ್ಲವೇ? ಏನೂ ಪಡೆಯದವನಿಗೆ ಇದಕ್ಕಿಂತ ದೊಡ್ಡ ರಕ್ಷಣೆ ಯಾವುದಿದೆ? ಅವರು ಕೇಳುವುದಿಲ್ಲ. ಯಾಕೆ ಕೇಳುವುದಿಲ್ಲವೆಂದು ನೀವೇ ಯೋಚಿಸಿ.

ನಮ್ಮ ರಾಜ್ಯದಲ್ಲಿ ವಿವಾಹ ನೋಂದಣಿಗೆ 1976ರ ಕಾಯಿದೆಯಿದೆ. ನೋಂದಣಿಯ ಅರ್ಜಿಯ ಜೊತೆಗೆ ಈ ಪಟ್ಟಿಯನ್ನೂ ಕೇಳಬೇಕು. ಪಟ್ಟಿ ಕೊಡಲಿಲ್ಲವೆಂದು ನೋಂದಣಿಯನ್ನೇ ನಿರಾಕರಿಸಬಾರದು, ಆ ಪೆಟ್ಟು ಹೆಣ್ಣಿಗೇ ಬೀಳುತ್ತದೆ. ಏನೂ ಕೊಟ್ಟಿಲ್ಲ ಎನ್ನುವವರು ಹಾಗೆಂದೇ ಬರೆದು ಇಬ್ಬರೂ ಸಹಿ ಹಾಕಲಿ. ಐವತ್ತು ಅತಿಥಿಗಳನ್ನು ಲೆಕ್ಕವಿಟ್ಟು ಪಾಸು ಕೊಟ್ಟ ಸರ್ಕಾರಕ್ಕೆ ಇದು ಅಸಾಧ್ಯವೆಂದು ಇನ್ನು ನಮಗೆ ಹೇಳಬೇಡಿ. ನಾವು ಕಣ್ಣಾರೆ ಕಂಡಿದ್ದೇವೆ.

ಸರ್ಕಾರ ಮಾಡುವವರೆಗೆ ನಾವು ಕಾಯಬೇಕಾಗಿಯೂ ಇಲ್ಲ. ನಮ್ಮ ಮನೆಗಳಲ್ಲಿ ಅಕ್ಕನಾಗಿ, ಅತ್ತೆಯಾಗಿ, ದೊಡ್ಡಮ್ಮನಾಗಿ ನಮಗೊಂದು ಮಾತಿನ ಹಕ್ಕಿದೆ. ಅರಿಶಿನ ಕುಂಕುಮಕ್ಕೆ ಕರೆದಾಗ ಅದನ್ನು ಬಳಸೋಣ. ನಾನು ನನ್ನ ಬಂಧುಗಳಿಗೆಲ್ಲ ತಿಳಿಸಿಬಿಟ್ಟಿದ್ದೇನೆ: ಪಟ್ಟಿಯಿಲ್ಲದ ಮದುವೆಗೆ ನಾನು ಬರುವುದಿಲ್ಲ. ಕೇಳಿ ಪಡೆದ ಮದುವೆಗೆ ಅಕ್ಷತೆ ಹಾಕುವುದಿಲ್ಲ. ಹೋದ ವರ್ಷ ಎರಡು ಮದುವೆ ತಪ್ಪಿಸಿದೆ. "ವಯಸ್ಸಾಯ್ತು, ಹಠ ಜಾಸ್ತಿಯಾಯ್ತು" ಎಂದರಂತೆ. ಮೂರನೆಯ ಮನೆಯಲ್ಲಿ ಹುಡುಗಿಯೇ ಒಂದು ನೋಟ್ ಪುಸ್ತಕ ತಂದು, "ದೊಡ್ಡಮ್ಮ, ಹೇಗೆ ಬರೀಬೇಕು ಹೇಳಿ" ಎಂದಳು.

ನನ್ನ ತಮ್ಮನ ಮಗಳ ಕೇಸು ಇನ್ನೂ ನಡೆಯುತ್ತಿದೆ. ಅವಳು ಖಾಸಗಿ ಶಾಲೆಯೊಂದರಲ್ಲಿ ಕೆಲಸಕ್ಕೆ ಸೇರಿದ್ದಾಳೆ. ವಾಯಿದೆಯ ದಿನ ರಜೆ ಹಾಕುತ್ತಾಳೆ, ನಾನು ಜೊತೆಗೆ ಹೋಗುತ್ತೇನೆ. ವಕೀಲೆಯ ಫೈಲಿನಲ್ಲಿ ಐವತ್ತು ಜನರ ಆ ಪಟ್ಟಿಯೂ ಇದೆ. ಮದುವೆ ನಡೆಯಿತೆಂಬುದಕ್ಕೆ ಅದು ಸಾಕ್ಷಿಯಂತೆ. ಅದರಲ್ಲಿ ನನ್ನ ಹೆಸರು ಏಳನೆಯದು. ಏನು ಕೊಟ್ಟರು, ಯಾರು ಕೇಳಿದರು ಎಂದು ಕಂಡವರು ಆ ಐವತ್ತರಲ್ಲಿ ಹಲವರಿದ್ದಾರೆ. ಇವತ್ತಿನವರೆಗೆ ಸಾಕ್ಷಿ ಹೇಳಲು ಒಪ್ಪಿರುವವಳು ಒಬ್ಬಳು, ನಾನು. ಉಳಿದ ನಲವತ್ತೊಂಬತ್ತು ಜನರನ್ನು ಹೊರಗೆ ಕರೆತರಲು ಇನ್ನೊಂದು ಮಹಾಮಾರಿ ಬರಲೆಂದು ಕಾಯುವುದಕ್ಕಾಗುವುದಿಲ್ಲ. ಅದು ನಮ್ಮ ಕೆಲಸ.